ಹದಿಹರೆಯದ ಕಪಾಟು, ಸಾಗಣೆಯ ವಾರ

ಗುಡ್ಡ ಅಗೆದು ಇಲಿ ಹಿಡಿದರು ಅನ್ನುವುದು ಮಾತು.
ಇಲ್ಲಿ ಗುಡ್ಡ ಅಗೆದೂ ಅಗೆದೂ
ಊರೇ ಇಲಿಯಾಗಿದೆ,
ಬಿಲ ಬದಲಿಸಬೇಕು, ಮೂರು ಕಿಲೋಮೀಟರು ಪೂರ್ವಕ್ಕೆ.

ಸ್ವೀಡನ್ನಿನ ನೆತ್ತಿ. ಡಿಸೆಂಬರು.
ಸೂರ್ಯ ರಜೆ ಹಾಕಿ ನಾಲ್ಕು ದಿನ.
ಮೂವತ್ತೊಂದು ವರ್ಷ ನಾನು ಜೋಡಿಸಿದ್ದನ್ನೆಲ್ಲ
ಬಾಳೆಹಣ್ಣಿನ ಪೆಟ್ಟಿಗೆಗೆ ತುಂಬುತ್ತಿದ್ದೇನೆ.
ಅಡುಗೆ ಮುಗಿಯಿತು, ಹಿಮಸಾರಂಗದ ಕಾಯಿಲೆಗಳು ಮುಗಿದವು,
ಈಗ ಹದಿಮೂರರಿಂದ ಹದಿನಾರರ ಕಪಾಟು.
ಮೇಲಿನ ಹಲಗೆಯಿಂದ ಕೆಳಗಿನ ತನಕ
ಲೋಕ ಹಾಳಾಗಿದೆ.

ರಟ್ಟಿನ ಮೇಲೆ ಬೆನ್ನು ತೋರಿಸಿ ನಿಂತ ಹುಡುಗಿ,
ದೂರದಲ್ಲಿ ಹೊಗೆ.
ಅವಳಿಗೆ ಹದಿನಾರು. ಹದಿನೇಳು ಆಗುವುದೇ ಇಲ್ಲ.
ರೊಟ್ಟಿ ಅಳೆದು ಕೊಡುವ ಸರಕಾರ,
ತಿಂಗಳುಗಟ್ಟಲೆ ಹಸಿವು, ಆದರೂ ಮಿರಮಿರ ಮಿಂಚುವ ಜಡೆ.
ಊರ ಸುತ್ತ ಗೋಡೆ, ಗೋಡೆಯಾಚೆ ಕಾಡು,
ಕಾಡಲ್ಲೊಬ್ಬ ಹುಡುಗ, ಬೂದುಗಣ್ಣಿನವನು.
ಮೂರನೇ ಭಾಗದಲ್ಲಿ ಗೋಡೆ ಬೀಳುತ್ತದೆ,
ಪ್ರಕಾಶಕರು ನಾಲ್ಕನೆಯದಕ್ಕೆ ಮುಂಗಡ ಕೊಡದಿದ್ದರೆ.

ಲಾರಿಯ ಹುಡುಗ ಟೂರೆ ಒಂದನ್ನು ಎತ್ತಿ ನೋಡಿದ.
"ಓದಿದ್ದೆ ಇದನ್ನ, ಗುನ್ವೋರ್. ಗೋಡೆ ಬಿದ್ದದ್ದು ನೆನಪಿದೆ,
ಬಿದ್ದ ಮೇಲೆ ಏನು ಮಾಡಿದರು?"
ಅದನ್ನು ಯಾರೂ ಬರೆದಿಲ್ಲ, ಅಂದೆ.
ಅವನು ಪೆಟ್ಟಿಗೆ ಹೊತ್ತು ಹೋದ.

ನಗುವುದು ಸುಲಭ. ಆದರೆ
ಬೆನ್ನು ಕಿತ್ತದ್ದು ಈ ಸಾಲೇ,
ಸ್ನಾನದ ತೊಟ್ಟಿಗೆ ಬಿದ್ದು ಉಬ್ಬಿದ್ದು ಈ ಸಾಲೇ,
ಕದ್ದು ಒಯ್ದು, ಎರಡು ಚಳಿಗಾಲ ಬಿಟ್ಟು
ರಾತ್ರೋರಾತ್ರಿ ಬಾಗಿಲಿಗೆ ತಂದಿಟ್ಟದ್ದೂ ಇದೇ.
ಬಹುಮಾನ ಬಂದ ಪುಸ್ತಕಗಳು ಮಾತ್ರ
ಇಸ್ತ್ರಿ ಮುರಿಯದೆ ಕೂತಿವೆ ಪಕ್ಕದ ಗೋಡೆಗೆ.

ನಗರಸಭೆಯ ಚೀಟಿ: ಹರಿದದ್ದು, ಗೀಚಿದ್ದು, ಕೆಂಪು ಡಬ್ಬಕ್ಕೆ.
ಗೀಚಿದ್ದು ಹುಡುಕುತ್ತ ಒಂದನ್ನು ತೆರೆದೆ.

ಪುಟ ಹದಿನಾಲ್ಕು. ನಡುರಾತ್ರಿ ಸೈನಿಕರು ಬಂದು
ಮನೆ ಮನೆ ಖಾಲಿ ಮಾಡಿಸುತ್ತಾರೆ.
ಅಂಚಿನಲ್ಲಿ ಪೆನ್ಸಿಲು:
ನಮ್ಮಲ್ಲಿ ಹಾಗಲ್ಲ. ಕಾಫಿ ಕೊಟ್ಟರು.
ದಾಲ್ಚಿನ್ನಿಯ ಬನ್ನು ಇತ್ತು, ಅಮ್ಮ ಎರಡು ತಿಂದಳು.
ಹೊಸ ಮನೆಗೆ ಪರದೆಯ ಬಣ್ಣ ಆರಿಸಿ ಅಂದರು.
ಆರಿಸಿದೆವು.

ಪುಟ ಎಂಬತ್ತೆಂಟು. ಬಾಂಬು.
ದಿನಾ ರಾತ್ರಿ ಒಂದೂಕಾಲಿಗೆ ನನ್ನ ಮಂಚವೂ ನಡುಗುತ್ತದೆ.
ಕೆಳಗೆ ಅಪ್ಪ ಇದ್ದಾನೆ.
ನಡುಗಿಸುವುದು ಅವನೇ.

ಪುಟ ಇನ್ನೂರ ಮೂರು. ಹುಡುಗಿ ಬಿಲ್ಲು ಹೆದೆಯೇರಿಸಿ
ಶತ್ರು ಯಾರು ಎಂದು ಕೇಳುತ್ತಾಳೆ.
ಪೆನ್ಸಿಲು ಏನೋ ಬರೆದು ಅಳಿಸಿದೆ, ಕಾಗದ ಸವೆದಿದೆ.
ಕೆಳಗೆ ಹಸಿರು ಶಾಯಿ, ಬೇರೆ ಕೈ:
ನಮ್ಮಜ್ಜನ ಹಿಂಡನ್ನು ಕೇಳು.
ಅವಕ್ಕೆ ಹಾದಿ ಗೊತ್ತು, ಹಾದಿಯ ಮೇಲೆ ರೈಲಿದೆ.

ಹಸಿರು ಯಾರದು ನನಗೆ ಗೊತ್ತು.
ರಿಸ್ತಿನ್, ಬಾಲ ಎಳೆದು ಬರೆಯುವ ಅಕ್ಷರ.
ಪೆನ್ಸಿಲೂ ಗೊತ್ತು: ಪಾಳಿ ಮೇಸ್ತ್ರಿಯ ಮಗಳು ಐಲಾ.
ಒಂದೇ ಮೇಜಿಗೆ ಕೂತದ್ದನ್ನು ಒಂದು ದಿನ ನೋಡಿದವಳಲ್ಲ ನಾನು.
ಇಬ್ಬರೂ ಇದನ್ನೇ ಏಳೇಳು ಸಲ ಒಯ್ದಿದ್ದಾರೆ,
ಒಬ್ಬಳು ತಂದ ಮರುದಿನ ಇನ್ನೊಬ್ಬಳು.
ಮೊಹರು ಒತ್ತಿದ್ದು ಈ ಕೈ.
ಎಷ್ಟು ದಡ್ಡ ಕೈ.

ಕೊನೆಯ ಪುಟ. ಬಿದ್ದ ಗೋಡೆಯ ಮೇಲೆ ಹತ್ತಿ
ಹುಡುಗಿ ಸೂರ್ಯೋದಯ ನೋಡುತ್ತಾಳೆ.
ಪೆನ್ಸಿಲು: ಸುಳ್ಳು. ಜನವರಿ ಮೂರರ ತನಕ ಇಲ್ಲ.
ಹಸಿರು: ಹಾಗಾದರೆ ಮೂರಕ್ಕೆ ಬಾ, ಗುಡ್ಡದ ಮೇಲೆ.

ಟೂರೆ ಕೆಂಪು ಡಬ್ಬ ತಂದು ನಿಂತ.
ಇದರಲ್ಲಿ ಗೀಚಿದ್ದಿಲ್ಲ, ಅಂದೆ,
ಕೋಟಿನ ಒಳಜೇಬಿಗೆ ಸೇರಿಸಿದೆ.

ಯಾವ ವರ್ಷದ ಮೂರು, ಬರೆದಿಲ್ಲ.
ಯಾವ ಗುಡ್ಡ ಅಂತಲೂ ಇಲ್ಲ.
ಬೇಕಿಲ್ಲ.
ಅಗೆಯದೆ ಉಳಿದದ್ದು ಒಂದೇ.